ದೊಡ್ಡಬಾಯಿ ಹಡಗಿನ ಹಲಗೆ ಮೇಷ್ಟ್ರು

ರಾತ್ರಿ ಹತ್ತು ದಾಟಿ ಹಡಗುಕಟ್ಟೆಯ ಕ್ರೇನುಗಳೆಲ್ಲ ನಿಂತ ಮೇಲೆ, ನಮ್ಮ ಸರಕು ಜೋಡಣೆ ಕಚೇರಿಯಿಂದ ಒಂದು ಸಣ್ಣ ಸದ್ದು ಕೇಳುತ್ತಿತ್ತು. ಮರದ ಹಲಗೆಯ ಮೇಲೆ ರಟ್ಟಿನ ತುಂಡೊಂದನ್ನು ಗುಂಡುಸೂಜಿಯಿಂದ ಚುಚ್ಚುವ ಸದ್ದು. ಟಿಕ್. ಸ್ವಲ್ಪ ಹೊತ್ತು ಮೌನ. ಮತ್ತೆ ಟಿಕ್. ಹೊರಗೆ ಕಾವಲು ತಿರುಗುವವರು "ಮೇಷ್ಟ್ರು ಇನ್ನೂ ಮನೆಗೆ ಹೋಗಿಲ್ಲ" ಎಂದುಕೊಂಡು ಮುಂದೆ ಹೋಗುತ್ತಿದ್ದರು. ಬೆಳಿಗ್ಗೆ ದೊಡ್ಡಬಾಯಿ ಹೊರಡುತ್ತದೆ ಎಂಬುದಕ್ಕೆ ಅವರಿಗೆ ಬೇರೆ ಸೂಚನೆ ಬೇಕಿರಲಿಲ್ಲ.

ನೌಕಾಪಡೆಯ ಸರಕು ಸಾಗಣೆಯೆಂಬುದು ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ ವಿದ್ಯೆ. ತೋಪು, ಪತಾಕೆ, ವಾದ್ಯಗಳ ನಡುವೆ, ಯಾವ ಲಾರಿ ಯಾವ ಲಾರಿಯ ಹಿಂದೆ ನಿಲ್ಲಬೇಕು ಎಂದು ಯೋಚಿಸುತ್ತ ಕೂತಿರುವ ಒಬ್ಬರ ಹೆಸರು ಯಾವ ಫಲಕದ ಮೇಲೂ ಬರುವುದಿಲ್ಲ. ಆದರೆ ಆ ವಿದ್ಯೆಯನ್ನು ಬಲ್ಲವರಲ್ಲಿ ಯಾರನ್ನಾದರೂ ಕೇಳಿ, ಅವರು ಮೊದಲು ಹೇಳುವುದು ಹಲಗೆ ಮೇಷ್ಟ್ರ ಹೆಸರನ್ನೇ. ಮೂವತ್ತಮೂರು ವರ್ಷಗಳ ಸೇವೆಯ ಬಳಿಕ ಅವರು ನಿವೃತ್ತರಾಗುತ್ತಿರುವ ಈ ವರ್ಷವೇ ಅವರ ಹಡಗೂ ಸೇವೆಯಿಂದ ಬಿಡುಗಡೆ ಹೊಂದುತ್ತಿದೆ. ಹಡಗಿನ ಸೇವಾ ಚರಿತ್ರೆಯನ್ನು ಬರೆಯುವ ಕೆಲಸ ದಾಖಲೆ ವಿಭಾಗದಲ್ಲಿರುವ ನನ್ನ ಪಾಲಿಗೆ ಬಂದಿದೆ. ಹಾಗಾಗಿ ಮೇಷ್ಟ್ರ ಅಭಿನಂದನಾ ಸಂಪುಟ ತರುತ್ತಿರುವ ಸಮಿತಿಯವರು ಇಬ್ಬರ ಬಗೆಗೂ ಒಂದೇ ಲೇಖನದಲ್ಲಿ ಬರೆದುಕೊಡಿ ಎಂದು ಕೇಳಿದಾಗ ನಾನು ಒಪ್ಪಿಕೊಂಡೆ. ಒಪ್ಪಿದ ಮೇಲೆ ನಾಲ್ಕು ತಿಂಗಳು ಒಂದಕ್ಷರವನ್ನೂ ಬರೆಯಲಾಗಲಿಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ದೊಡ್ಡಬಾಯಿ ಎಂಬುದು ನಾವಿಟ್ಟ ಅಡ್ಡಹೆಸರು. ಬೇರೆ ಹಡಗುಗಳಿಗೆ ಬಂದರು ಬೇಕು, ಕಟ್ಟೆ ಬೇಕು, ಕ್ರೇನು ಬೇಕು. ಈ ಬಗೆಯ ಹಡಗಿಗೆ ಬರಿಯ ದಡವೊಂದಿದ್ದರೆ ಸಾಕು. ಉಬ್ಬರದ ನೀರು ಏರುತ್ತಿರುವಾಗ ನೇರವಾಗಿ ಮರಳಿನ ಮೇಲಕ್ಕೆ ಬಂದು ಎದೆಯೂರಿ ನಿಂತು, ಮುಂಭಾಗದ ಎರಡು ಕಬ್ಬಿಣದ ಬಾಗಿಲುಗಳನ್ನು ತೆರೆದು, ಒಳಗಿನ ಇಳಿಜಾರು ಹಲಗೆಯನ್ನು ಚಾಚುತ್ತದೆ. ಲಾರಿಗಳು ಅದರ ಮೇಲಿಂದ ದಡಕ್ಕೆ ಇಳಿಯುತ್ತವೆ. ನೀರು ಇಳಿಯತೊಡಗುವ ಮೊದಲೇ ಹಡಗು ಹಿಂದೆ ಬಿಟ್ಟುಬಂದ ಲಂಗರಿನ ಸರಪಳಿಯನ್ನು ಸುತ್ತಿಕೊಳ್ಳುತ್ತ ಹಿಂದಕ್ಕೆ ಸರಿಯಬೇಕು. ತಡವಾದರೆ ಮರಳಿನಲ್ಲೇ ಕೂತುಬಿಡುತ್ತದೆ. ಸಿಗುವ ಸಮಯ ಹೆಚ್ಚೆಂದರೆ ಮೂರು ಗಂಟೆ. ಆ ಹಡಗಿಗೆ ಇರುವುದು ಒಂದೇ ಬಾಯಿ. ತುಂಬುವುದೂ ಅಲ್ಲಿಂದಲೇ, ಇಳಿಸುವುದೂ ಅಲ್ಲಿಂದಲೇ. ಆದ್ದರಿಂದ ದಡದಲ್ಲಿ ಮೊದಲು ಬೇಕಾದದ್ದು ಇಲ್ಲಿ ಕೊನೆಗೆ ಹತ್ತಬೇಕು. ಮೇಷ್ಟ್ರ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿದೆ. ಇದನ್ನು ಹೇಳಲು ಒಂದು ನಿಮಿಷ ಸಾಕು. ಮಾಡಲು ಅವರು ಒಂದು ಆಯುಷ್ಯವನ್ನು ಕೊಟ್ಟರು.

ಹಡಗು ಮೊದಲ ಬಾರಿ ನೀರಿಗಿಳಿದ ವರ್ಷವೇ ಅವರು ಅದರ ಸರಕು ಮೇಲ್ವಿಚಾರಕರಾಗಿ ಬಂದರು. ಆಗ ಅವರ ವಯಸ್ಸು ಇಪ್ಪತ್ತೇಳು. ವಾಹನಗಳು ನಿಲ್ಲುವ ಒಳ ಅಂಕಣವನ್ನು ಕಾಗದದ ನಕ್ಷೆಯಲ್ಲಿ ನೋಡಿ ತೃಪ್ತರಾಗದೆ, ತಾವೇ ತುದಿಯಿಂದ ತುದಿಗೆ ನಡೆದು ಎಂಬತ್ತೆರಡು ಹೆಜ್ಜೆ ಎಂದು ಎಣಿಸಿಕೊಂಡರು. ಕಚೇರಿಗೆ ಬಂದು ಹಡಗುಕಟ್ಟೆಯ ಬಡಗಿಯಿಂದ ಒಂದು ಉದ್ದನೆಯ ಹಲಗೆ ಮಾಡಿಸಿ, ಅದರ ಮೇಲೆ ಆ ಅಂಕಣವನ್ನು ಅಳತೆಗೆ ಸರಿಯಾಗಿ ಗೆರೆ ಎಳೆದರು. ಹಡಗಿನ ಚಿತ್ರವೇನೂ ಅಲ್ಲ, ಬರಿಯ ಒಂದು ಉದ್ದ ಚೌಕ. ಪ್ರತಿ ವಾಹನಕ್ಕೂ ಅದೇ ಅಳತೆಯ ರಟ್ಟಿನ ತುಂಡು, ತುಂಡಿನ ಮೇಲೆ ಒಂದು ಸಂಖ್ಯೆ. ಹಡಗು ತುಂಬುವ ಮುನ್ನ ಅದನ್ನು ಹಲಗೆಯ ಮೇಲೆ ತುಂಬಿ ನೋಡಬೇಕು, ಹಲಗೆಯ ಮೇಲೆ ಇಳಿಸಿ ನೋಡಬೇಕು, ಆಮೇಲೆ ಹಗ್ಗ ಬಿಚ್ಚಬೇಕು. ಮೊದಮೊದಲು ನಕ್ಕವರೇ ಹೆಚ್ಚು. "ಮೇಷ್ಟ್ರು ಬೊಂಬೆ ಆಟಕ್ಕೆ ಕೂತ್ರು" ಎಂದು ಬಡಗಿಯೇ ಹೇಳಿಕೊಂಡು ತಿರುಗುತ್ತಿದ್ದನಂತೆ. ಹೆಸರು ಮಾತ್ರ ಅಂಟಿಕೊಂಡಿತು.

ಹಡಗಿನ ಐದನೆಯ ವರ್ಷದಲ್ಲಿ ನಾನು ಆ ಕಚೇರಿಗೆ ಗುಮಾಸ್ತೆಯಾಗಿ ಸೇರಿದೆ. ಅಲ್ಲಿದ್ದ ಹೆಂಗಸು ನಾನೊಬ್ಬಳೇ. ಬೀಗ ಹಾಕಿದ ಮೇಲೂ ಮೂರು ಸಲ ಎಳೆದು ನೋಡುವ ಸ್ವಭಾವ ನನ್ನದು. ಪಟ್ಟಿಯೊಂದನ್ನು ಬರೆದರೆ ಮೇಲಿಂದ ಕೆಳಕ್ಕೂ ಕೆಳಗಿಂದ ಮೇಲಕ್ಕೂ ಓದದೆ ಕೈಬಿಡುತ್ತಿರಲಿಲ್ಲ. ಉಳಿದವರು ಇದನ್ನು ಕಂಡು ಮುಸಿಮುಸಿ ನಗುತ್ತಿದ್ದರು. ಮೇಷ್ಟ್ರು ಒಂದು ದಿನ ಎಲ್ಲರಿಗೂ ಕೇಳುವ ಹಾಗೆ "ಈ ಕೆಲಸಕ್ಕೆ ಬೇಕಾದ್ದು ಧೈರ್ಯ ಅಲ್ಲ, ಹೆದರಿಕೆ. ಇವರಿಗೆ ಅದು ಹುಟ್ಟಿನಿಂದಲೇ ಬಂದಿದೆ, ನಿಮಗೆ ನಾನು ಕಲಿಸ್ಬೇಕು" ಎಂದರು. ನನ್ನ ಮೇಜನ್ನು ಗಾಳಿ ಬೆಳಕು ಇರುವ ಕಿಟಕಿಯ ಪಕ್ಕಕ್ಕೆ ಹಾಕಿಸಿಕೊಟ್ಟರು. ಅಂದಿನಿಂದ ನಾನು ಅವರ ಬಾಯಲ್ಲಿ ಕಿಟಕಿಯಮ್ಮ. ಎರಡು ತಿಂಗಳೊಳಗೆ ಹಲಗೆ ಜೋಡಿಸುವ ಕೆಲಸವನ್ನೇ ನನಗೆ ಕಲಿಸಿದರು. ಮೊದಲು ನನ್ನನ್ನು ಹಡಗಿನೊಳಗೆ ಕರೆದೊಯ್ದು, ಆ ಎಂಬತ್ತೆರಡು ಹೆಜ್ಜೆಗಳನ್ನು ನಡೆಸಿದರು. ನನ್ನ ಲೆಕ್ಕಕ್ಕೆ ನೂರಾ ಆರು ಬಂತು. "ಹೆಜ್ಜೆ ಚಿಕ್ಕದು, ಲೆಕ್ಕ ಸರಿ ಇದೆ" ಎಂದರು.

ಅವರ ಉಪಕಾರಗಳನ್ನು ಎಣಿಸಹೊರಟರೆ ಅವರಿಗೇ ಮುಜುಗರವಾದೀತು. ಆದರೂ ಎರಡನ್ನು ಬರೆಯದೆ ಬಿಡಲಾರೆ. ಲಾರಿಗಳು ಹಡಗಿನೊಳಕ್ಕೆ ಹಿಮ್ಮುಖವಾಗಿ ಹೋಗಬೇಕು, ಆಗಷ್ಟೇ ದಡದಲ್ಲಿ ನೇರ ಮುಂದಕ್ಕೆ ಇಳಿಯಲು ಸಾಧ್ಯ. ಹೊಸ ಚಾಲಕರಿಗೆ ಇದು ಪ್ರಾಣಸಂಕಟ. ಎರಡೂ ಪಕ್ಕದಲ್ಲಿ ಅಂಗೈಯಗಲ ಜಾಗ, ಕಾಲಡಿಯಲ್ಲಿ ಅಲುಗುವ ನೆಲ. ಒಬ್ಬ ಚಾಲಕ ಇಳಿಜಾರಿನ ಮಧ್ಯದಲ್ಲಿ ಲಾರಿ ನಿಲ್ಲಿಸಿ ಅಳುವುದೊಂದು ಬಾಕಿ ಎಂಬಂತೆ ಕೂತುಬಿಟ್ಟಿದ್ದ. ಹಿಂದಿನಿಂದ ಎಲ್ಲರೂ ಕೂಗುತ್ತಿದ್ದರು. ಮೇಷ್ಟ್ರು ಅವರನ್ನೆಲ್ಲ ಸುಮ್ಮನಾಗಿಸಿ, ಲಾರಿಯ ಮುಂದೆ ಅವನ ಕಣ್ಣಿಗೆ ಕಾಣುವ ಹಾಗೆ ನಿಂತು, "ಹಿಂದೆ ನೋಡ್ಬೇಡಪ್ಪಾ. ನನ್ನ ಮುಖ ನೋಡು. ನಾನು ನಗ್ತಾ ಇದ್ರೆ ಸರಿ ಇದೆ ಅಂತ" ಎಂದರು. ಎಂಬತ್ತೆರಡು ಹೆಜ್ಜೆಯುದ್ದಕ್ಕೂ ನಗುತ್ತಲೇ ಒಳಗೆ ನಡೆದರು. "ಕೊನೇಲಿ ದವಡೆ ಹಿಡಕೊಂಡ್ಬಿಡ್ತು" ಎಂದು ಆಮೇಲೆ ನನಗೆ ಹೇಳಿದರು. ಎರಡನೆಯದು ನನ್ನದು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಆರು ವಾರ ನನ್ನ ರಾತ್ರಿ ಪಾಳಿಗಳೆಲ್ಲ ಹೇಗೋ ಹಗಲಿಗೆ ಬರುತ್ತಿದ್ದವು. ಆ ರಾತ್ರಿಗಳಲ್ಲಿ ಕೂತವರು ಅವರೆಂದು ಗೊತ್ತಾದದ್ದು ಅಮ್ಮ ಮನೆಗೆ ಬಂದ ಮೇಲೆ, ಅದೂ ಬಡಗಿಯಿಂದ.

ಇನ್ನು ನಾಲ್ಕು ತಿಂಗಳು ನನ್ನ ಕೈ ಕಟ್ಟಿಹಾಕಿದ ಸಂಗತಿಗೆ ಬರುತ್ತೇನೆ. ಇದು ಇಪ್ಪತ್ತಾರು ವರ್ಷ ಹಿಂದಿನದು.

ಆ ವಾರ ಕಚೇರಿಗೆ ಸುಣ್ಣ ಬಳಿಯುತ್ತಿದ್ದರು. ಹಲಗೆಯಿದ್ದ ಗೋಡೆ ಹಸಿಯಾಗಿದ್ದರಿಂದ ಮೇಷ್ಟ್ರೇ ಅದನ್ನು ಇಳಿಸಿ, ಎದುರು ಗೋಡೆಗೆ ನೇತುಹಾಕಿದ್ದರು. ಹಲಗೆಯ ಎರಡು ತುದಿಗಳಲ್ಲಿ ಬಾಯಿ ಯಾವುದು, ಬೆನ್ನು ಯಾವುದು ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಮೇಷ್ಟ್ರಿಗೆ ಅದು ಎಡಗೈ ಲೆಕ್ಕ: ಹಲಗೆಯ ಎದುರು ನಿಂತರೆ ಎಡಕ್ಕೆ ಬಾಯಿ. ನನಗೆ ಅದು ಕಿಟಕಿ ಲೆಕ್ಕ: ಕಿಟಕಿಯ ಕಡೆಗೆ ಬಾಯಿ. ಹಳೆಯ ಗೋಡೆಯಲ್ಲಿ ಕಿಟಕಿ ಎಡಕ್ಕೇ ಇದ್ದುದರಿಂದ ಎರಡು ವರ್ಷ ನಮ್ಮಿಬ್ಬರ ಲೆಕ್ಕವೂ ಒಂದೇ ಆಗಿತ್ತು. ಎದುರು ಗೋಡೆಗೆ ತಿರುಗಿ ನಿಂತಾಗ ಕಿಟಕಿ ಬಲಕ್ಕೆ ಬಂತು. ಇದನ್ನು ನಾನೂ ಯೋಚಿಸಲಿಲ್ಲ, ಅವರೂ ಯೋಚಿಸಲಿಲ್ಲ.

ಅದೇ ವಾರ ದೂರದ ಒಂದು ದ್ವೀಪಕ್ಕೆ ಬಿರುಗಾಳಿ ಬಡಿಯಿತು. ಕಡಲು ಊರೊಳಗೆ ನುಗ್ಗಿ ಬಾವಿಗಳೆಲ್ಲ ಉಪ್ಪಾದವು. ಕುಡಿಯಲು ಹನಿ ನೀರಿಲ್ಲ ಎಂದು ಸಂಜೆ ಸುದ್ದಿ ಬಂತು. ಬೆಳಕು ಹರಿಯುವ ಮೊದಲು ದೊಡ್ಡಬಾಯಿ ಹೊರಡಬೇಕೆಂದು ಆಜ್ಞೆಯಾಯಿತು. ಒಟ್ಟು ಇಪ್ಪತ್ತೆರಡು ಲಾರಿ. ಆರರಲ್ಲಿ ನೀರಿನ ತೊಟ್ಟಿಗಳು, ಉಳಿದವುಗಳಲ್ಲಿ ಮರ, ತಗಡು, ಡೇರೆ. ಎಲ್ಲಕ್ಕೂ ಒಂದೇ ಬಣ್ಣದ ತಾಡಪಾಲು. ಯಾವ ಲಾರಿಯಲ್ಲಿ ಏನಿದೆ ಎಂಬ ಪಟ್ಟಿ ನನ್ನ ಕೈಯಲ್ಲಿತ್ತು. ನಾನು ಹಲಗೆ ಜೋಡಿಸಿದೆ. ಮೊದಲು ಇಳಿಯಬೇಕಾದ ಆರು ನೀರಿನ ತುಂಡುಗಳನ್ನು ಬಾಯಿಯ ಕಡೆ, ಎಂದರೆ ಕಿಟಕಿಯ ಕಡೆ, ಚುಚ್ಚಿದೆ. ಎರಡು ರಾತ್ರಿ ನಿದ್ದೆಯಿಲ್ಲದ ಮೇಷ್ಟ್ರು ಬಂದು, ಸಂಖ್ಯೆಗಳನ್ನಷ್ಟೇ ತಮ್ಮ ಎಡಗೈ ಲೆಕ್ಕದಲ್ಲಿ ಕಾಗದಕ್ಕೆ ನಕಲು ಮಾಡಿಕೊಂಡು ಹಡಗುಕಟ್ಟೆಗೆ ಓಡಿದರು. ಆರು ನೀರಿನ ಲಾರಿಗಳು ಎಲ್ಲಕ್ಕಿಂತ ಮೊದಲು ಹತ್ತಿ, ಹಡಗಿನ ಹೊಟ್ಟೆಯ ಕೊನೆಯ ತುದಿಗೆ ಹೋಗಿ ನಿಂತವು. ಅವುಗಳ ಮುಂದೆ ಹದಿನಾರು ಲಾರಿಗಳು.

ಬೆಳಿಗ್ಗೆ ಎಂಟಕ್ಕೆ ನಾನು ಮತ್ತೆ ಬಂದೆ. ಮೇಜಿನ ಮೇಲೆ ಮೇಷ್ಟ್ರು ಮಾಡಿಕೊಂಡ ನಕಲಿನ ಕಾರ್ಬನ್ ಪ್ರತಿ ಇತ್ತು. ಅಭ್ಯಾಸದಂತೆ ಹಲಗೆಯೊಡನೆ ಹೋಲಿಸಿ ನೋಡಿದೆ. ಮೇಲಿಂದ ಕೆಳಕ್ಕೆ ನೋಡಿದೆ, ಕೆಳಗಿಂದ ಮೇಲಕ್ಕೆ ನೋಡಿದೆ. ಹಡಗು ಹೊರಟು ಮೂರು ಗಂಟೆಯಾಗಿತ್ತು.

ಹಡಗುಗಳಿಗೆ ವೈರ್‌ಲೆಸ್ ಸಂದೇಶ ಕಳಿಸುವ ಕೋಣೆ ನಮ್ಮ ಕಚೇರಿಯಿಂದ ನಲವತ್ತು ಹೆಜ್ಜೆ. ಚೀಟಿಯೊಂದನ್ನು ಬರೆದೆ. "ನೀರಿನ ಲಾರಿ ಆರೂ ಹಿಂತುದಿಯಲ್ಲಿವೆ. ಜೋಡಣೆ ತಪ್ಪಾಗಿದೆ. ತಪ್ಪು ನನ್ನದು." ನಿಯಮದಂತೆ ಮೂಲೆಯಲ್ಲಿ ಸಮಯ ಹಾಕಿದೆ: ೮-೧೦. ಆ ಕೋಣೆಯ ಬಾಗಿಲವರೆಗೂ ಹೋದೆ. ಒಳಗೆ ನಾಲ್ವರು ಕೂತಿದ್ದರು. ಚೀಟಿಯನ್ನು ಗಟ್ಟಿಯಾಗಿ ಓದಿಯೇ ಕಳಿಸುವುದು ಅಲ್ಲಿನ ರೂಢಿ. ಮೊದಲೇ ನನ್ನನ್ನು ಕಂಡು ನಗುವವರು. ಕೆಲಸ ಹೋದರೆ ಅಮ್ಮನ ಔಷಧಿಗೆ ಗತಿಯೇನು ಎಂದು ಯೋಚಿಸಿದೆ. ಹೇಗೂ ಮೇಷ್ಟ್ರಿಗೆ ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹಿಂದಿರುಗಿದೆ. ಲಾರಿ ತಪ್ಪಾಗಿ ನಿಂತದ್ದು ಅಜಾಗರೂಕತೆ ಎನ್ನಬಹುದು. ಈ ನಲವತ್ತು ಹೆಜ್ಜೆ ಹಿಂದಿರುಗಿದ್ದಕ್ಕೆ ಬೇರೆ ಹೆಸರಿದೆ, ಅದು ನನಗೆ ಗೊತ್ತು.

ಮುಂದಿನದನ್ನು ಹಡಗಿನಲ್ಲಿದ್ದವರ ಬಾಯಿಂದಲೂ ಹಡಗಿನ ದಿನಚರಿಯಿಂದಲೂ ತಿಳಿದು ಬರೆಯುತ್ತಿದ್ದೇನೆ. ಸಂಜೆ ಏಳಕ್ಕೆ ಮೇಷ್ಟ್ರು ಲಾರಿಗಳಿಗೆ ಬಿಗಿದ ಸರಪಳಿಗಳನ್ನು ಪರೀಕ್ಷಿಸುತ್ತ ಒಳತುದಿಗೆ ಹೋದಾಗ ನೆಲ ತೇವವಾಗಿತ್ತಂತೆ. ಕಡಲ ನೀರು ಒಳಗೆ ಬರುತ್ತಿದೆಯೆಂದು ಹೆದರಿ ಬೆರಳದ್ದಿ ನಾಲಿಗೆಗೆ ಇಟ್ಟು ನೋಡಿದರು. ಉಪ್ಪಿರಲಿಲ್ಲ. ಜೊತೆಗಿದ್ದ ನಾವಿಕ ಹೇಳುವಂತೆ, ಅವರು ತಾಡಪಾಲನ್ನು ಎತ್ತಿಯೂ ನೋಡಲಿಲ್ಲ. ಒಂದು ನಿಮಿಷ ಲಾರಿಯ ಚಕ್ರಕ್ಕೆ ಒರಗಿ ನಿಂತರು, ಅಷ್ಟೇ.

ಒಳಗೆ ಲಾರಿಗಳನ್ನು ಅದಲುಬದಲು ಮಾಡಲು ಅಂಗುಲ ಜಾಗವಿಲ್ಲ. ದಡ ಕೆಸರು, ಮರದ ಪಟ್ಟಿಗಳನ್ನು ಹಾಸಿ ಒಂದೊಂದು ಲಾರಿ ಇಳಿಸಲು ಹನ್ನೆರಡು ನಿಮಿಷ. ಹದಿನಾರು ಲಾರಿ ಇಳಿಯುವಷ್ಟರಲ್ಲಿ ಉಬ್ಬರವೇ ಮುಗಿಯುತ್ತದೆ. ನೀರು ಹೊತ್ತು ಹೋದ ಹಡಗು ನೀರು ಕೊಡದೆ ಹಿಂದೆ ಸರಿಯಬೇಕಾಗುತ್ತದೆ. ಹಾಗಾದರೆ ಲಾರಿ ಇಳಿಯುವುದು ಬೇಡ, ನೀರೇ ಇಳಿಯಲಿ ಎಂದು ಅವರು ನಿಶ್ಚಯಿಸಿದರು. ಬೆಂಕಿ ಆರಿಸುವ ಕ್ಯಾನ್ವಾಸ್ ಪೈಪುಗಳನ್ನು ಒಂದಕ್ಕೊಂದು ಜೋಡಿಸಿ, ಹದಿನಾರು ಲಾರಿಗಳ ನಡುವೆ ಹಾಯಿಸಿ, ಬಾಯಿಯಿಂದ ಹೊರಕ್ಕೆ ಎರಡು ಸಾಲು. ಒಂದೇ ತೊಡಕು: ಆ ಪೈಪುಗಳು ಏಳು ವರ್ಷ ಕಡಲ ನೀರನ್ನೇ ಕುಡಿದವು. ತೊಳೆಯಲು ಸಿಹಿನೀರು ಬೇಕು. ಕಪ್ತಾನರ ಬಳಿಗೆ ಹೋದರು.

"ನಮ್ಮ ಸ್ನಾನದ ನೀರು ಪೂರ್ತಿ ಬೇಕು ಸಾರ್."

"ಪೂರ್ತೀನಾ? ಅಲ್ರೀ ಮೇಷ್ಟ್ರೇ, ನೂರಾ ಇಪ್ಪತ್ತು ಗಂಡಸರು, ಈ ಸೆಕೆ!"

"ಎರಡು ದಿನ ನಾವು ನಾರಿದ್ರೆ ಯಾರೂ ಸಾಯಲ್ಲ ಸಾರ್."

"ಲಾರಿ ಇಳಿಸೋಕೆ ಏನಾಯ್ತು?"

"ಪೈಪಲ್ಲಿ ಬೇಗ ಆಗುತ್ತೆ."

ಕಪ್ತಾನರು ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಇಡೀ ರಾತ್ರಿ ಪೈಪು ತೊಳೆದರು. ಪ್ರತಿಯೊಂದರ ನೀರನ್ನೂ ಮೇಷ್ಟ್ರೇ ಕುಡಿದು ನೋಡಿ ಹೌದು ಅಲ್ಲ ಎಂದು ತಲೆಯಾಡಿಸಿದರು. ಬೆಳಿಗ್ಗೆ ಬಾಗಿಲು ತೆರೆದಾಗ ಜನ ಮೊಣಕಾಲ ನೀರಿನಲ್ಲಿ ಪಾತ್ರೆಗಳನ್ನು ಹಿಡಿದು ನಿಂತಿದ್ದರು. ಪಂಪು ಹಾಕಿದರೆ, ಹಡಗಿನ ಬಾಯಿಗೆ ಬಂದ ನೀರು ಇನ್ನೂ ಉಪ್ಪು. ಕ್ಯಾನ್ವಾಸಿನ ಎಳೆಗಳಲ್ಲಿ ಇಂಗಿದ್ದ ಉಪ್ಪಿಗೆ ಒಂದು ರಾತ್ರಿಯ ತೊಳೆತ ಸಾಲದಾಗಿತ್ತು. ಎಲ್ಲವನ್ನೂ ಬಿಚ್ಚಿ, ಮತ್ತೆ ತೊಳೆದು, ಮತ್ತೆ ಕುಡಿದು ನೋಡಿ, ಜೋಡಿಸಲು ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷ ಜನ ಕದಲದೆ ನೋಡುತ್ತ ನಿಂತಿದ್ದರಂತೆ. ಆಮೇಲೆ ನೀರು ಬಂತು. ಎರಡು ಗಂಟೆ ಇಪ್ಪತ್ತು ನಿಮಿಷ ಹರಿಯಿತು. ಆರೂ ಲಾರಿ ಬರಿದಾದವು. ಉಪ್ಪುನೀರು ಕುಡಿದು ಕುಡಿದು ಮೇಷ್ಟ್ರು ಹಿಂದಿರುಗುವ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡರು.

ನನ್ನ ಚೀಟಿ ಎಂಟು ಹತ್ತಕ್ಕೆ ಹೊರಟಿದ್ದರೆ ಅವರಿಗೆ ಒಂದು ರಾತ್ರಿಯ ಜೊತೆ ಒಂದು ಹಗಲೂ ಸಿಗುತ್ತಿತ್ತು. ಆ ನಲವತ್ತು ನಿಮಿಷ ನನ್ನದು.

ಎರಡು ತಿಂಗಳ ಬಳಿಕ ಪ್ರಶಂಸಾಪತ್ರ ಬಂತು. "ನೀರಿನ ವಾಹನಗಳನ್ನು ಉದ್ದೇಶಪೂರ್ವಕವಾಗಿ ಒಳತುದಿಯಲ್ಲಿ ನಿಲ್ಲಿಸಿ, ಅವುಗಳನ್ನು ಇಳಿಸದೆಯೇ ಕೊಳವೆಗಳ ಮೂಲಕ ನೀರು ಒದಗಿಸಿದ ಅಪೂರ್ವ ಮುಂದಾಲೋಚನೆಗಾಗಿ." ಸಭೆಯಲ್ಲಿ ಅದನ್ನು ಓದುವಾಗ ನಾನು ಹಿಂದಿನ ಸಾಲಿನಲ್ಲಿ ಕೂತು ಅವರ ಬೆನ್ನನ್ನೇ ನೋಡುತ್ತಿದ್ದೆ. ಅವರು ಬೇಡವೆನ್ನುವ ಹಾಗಿರಲಿಲ್ಲ. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಹೇಳಿದರೆ ಹಲಗೆ ಜೋಡಿಸಿದವರು ಯಾರೆಂಬ ಪ್ರಶ್ನೆ ಏಳುತ್ತಿತ್ತು. ಇನ್ನೊಬ್ಬರ ಬೈಗುಳವನ್ನು ತಮ್ಮ ತಲೆಗೆ ಹಾಕಿಕೊಂಡವರನ್ನು ನಾನು ನೋಡಿದ್ದೇನೆ. ಇನ್ನೊಬ್ಬರನ್ನು ಉಳಿಸಲು ತಮಗೆ ಸಲ್ಲದ ಹೊಗಳಿಕೆಯನ್ನು ಇಪ್ಪತ್ತಾರು ವರ್ಷ ಹೊತ್ತವರನ್ನು ಇವರೊಬ್ಬರನ್ನೇ ನೋಡಿದ್ದು.

ಹಡಗು ಆಮೇಲೂ ದುಡಿಯಿತು. ಯುದ್ಧಕ್ಕೆಂದು ಕಟ್ಟಿದ ಆ ಹಡಗು ತನ್ನ ಆಯುಷ್ಯದಲ್ಲಿ ಗುಂಡು ಹಾರಿಸಿದ್ದು ಅಭ್ಯಾಸಕ್ಕೆ ಮಾತ್ರ. ಸೇತುವೆಯ ತುಂಡುಗಳನ್ನು ಹೊತ್ತಿತು. ಮೇಜು ಬೆಂಚು ಕಪ್ಪುಹಲಗೆ ಸಮೇತ ಒಂದು ಇಡೀ ಶಾಲೆಯನ್ನು ಹೊತ್ತಿತು. ಒಮ್ಮೆ ಸಾವಿರದ ಇನ್ನೂರು ಜನರನ್ನು, ಲಾರಿ ನಿಲ್ಲುವ ಜಾಗದಲ್ಲಿ ಕೂರಿಸಿಕೊಂಡು, ನೆರೆಯಿಂದ ಕರೆತಂದಿತು. ಆ ದಿನ ಮೇಷ್ಟ್ರು ಹಲಗೆಯ ಮೇಲೆ ಜನರಿಗೂ ರಟ್ಟಿನ ತುಂಡು ಮಾಡಿದ್ದರು. ಮುದುಕರು, ಬಸುರಿಯರು ಬಾಯಿಯ ಹತ್ತಿರ, ಗಾಳಿ ಬರುವ ಕಡೆ. ಹದಿನಾಲ್ಕು ವರ್ಷ ಹಡಗಿನಲ್ಲಿದ್ದು, ಬಳಿಕ ತರಬೇತಿ ಶಾಲೆಯಲ್ಲಿ ಪಾಠ ಹೇಳಿದರು. ಕೊಳವೆ ಪದ್ಧತಿ ಅಷ್ಟರಲ್ಲಿ ಪಠ್ಯಪುಸ್ತಕ ಸೇರಿತ್ತು. "ನಿಮಗೆ ಹೇಗೆ ಹೊಳೀತು ಸಾರ್?" ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಿದ್ದರು. "ಬೇರೆ ದಾರಿ ಇರ್ಲಿಲ್ಲ" ಎನ್ನುತ್ತಿದ್ದರು. ಅದು ವಿನಯವೆಂದು ವಿದ್ಯಾರ್ಥಿಗಳು ತಿಳಿದರು. ಅದು ಬರಿಯ ಸತ್ಯವಾಗಿತ್ತು.

ಈಗ ಚರಿತ್ರೆ ಬರೆಯುವವಳು ನಾನು. ಏಳನೆಯ ವರ್ಷದ ಪುಟಕ್ಕೆ ಬಂದಾಗ ಆ 'ಉದ್ದೇಶಪೂರ್ವಕವಾಗಿ' ಎಂಬ ಪದವನ್ನು ನಕಲು ಮಾಡಲು ನನ್ನ ಕೈ ಏಳಲಿಲ್ಲ. ಬದಲಿಸಿದರೆ ಅವರ ಅಭಿನಂದನೆಯ ವರ್ಷದಲ್ಲೇ ಅವರ ಒಂದೇ ಒಂದು ಪ್ರಶಸ್ತಿಯ ಬುಡ ಕಿತ್ತಂತಾಗುತ್ತದೆ. ಬದಲಿಸದಿದ್ದರೆ ನಾನು ಎರಡನೆಯ ಬಾರಿ ಆ ಬಾಗಿಲಿನಿಂದ ಹಿಂದಿರುಗಿದಂತಾಗುತ್ತದೆ. ನಾಲ್ಕು ತಿಂಗಳ ಬಳಿಕ ಅವರ ಮನೆಗೆ ಹೋದೆ.

ಎರಡು ಕೋಣೆಯ ಮನೆ, ಕಪಾಟುಗಳೆಲ್ಲ ಒಪ್ಪ. ಪ್ರಶಂಸಾಪತ್ರ ಬಾಗಿಲ ಹಿಂದಿನ ಗೋಡೆಯಲ್ಲಿದೆ. ಬಾಗಿಲು ತೆರೆದಿದ್ದಷ್ಟು ಹೊತ್ತೂ ಅದು ಕಾಣುವುದಿಲ್ಲ. ಮೇಷ್ಟ್ರ ಮನೆಯವರು ನೀರು ತಂದುಕೊಟ್ಟು ಅಲ್ಲೇ ಕೂತರು. ನಾನು ಎಲ್ಲವನ್ನೂ ಹೇಳಿದೆ. ಮೊದಲು ಮಾತಾಡಿದವರು ಅಮ್ಮಾವ್ರೇ.

"ಅಯ್ಯೋ, ಹಾಗಾದ್ರೆ ಇದು ಸುಳ್ಳಾ? ಬಂದೋರಿಗೆಲ್ಲ ಬಾಗಿಲು ಮುಚ್ಚಿ ಮುಚ್ಚಿ ತೋರಿಸಿದ್ದೀನಲ್ರೀ ನಾನು!"

"ಅದಕ್ಕೇ ಬಾಗಿಲ ಹಿಂದೆ ಹಾಕಿದ್ದು" ಎಂದರು ಮೇಷ್ಟ್ರು.

"ಇಪ್ಪತ್ತಾರು ವರ್ಷ ಹೆಂಡ್ತಿಗೂ ಹೇಳ್ದೆ ಇರೋದು ಅಂದ್ರೇನು? ಮನೆ ಬದಲಾಯಿಸುವಾಗ ಮಾತ್ರ ಪೊರಕೆ ಕೊನೇಲಿ ಹತ್ತಬೇಕು, ಬಕೆಟ್ಟು ಕೊನೇಲಿ ಹತ್ತಬೇಕು ಅಂತ ನನ್ನ ಪ್ರಾಣ ತೆಗೀತಿದ್ರಿ!"

"ಪೊರಕೆ ಮೊದಲು ಬೇಕಾಗುತ್ತಲ್ಲೇ."

ನಾನು ನಗಲಾರದ ಸ್ಥಿತಿಯಲ್ಲಿದ್ದೆ. "ಬರೆದರೆ ನಿಮ್ಮ ಗೌರವಕ್ಕೆ ಕುಂದಾಗುತ್ತೆ ಮೇಷ್ಟ್ರೇ. ನೀವು ಬೇಡ ಅಂದ್ರೆ ಬರೆಯಲ್ಲ" ಎಂದೆ.

"ಮುಂದಾಲೋಚನೆ ಅಂತ ಯಾರಾದ್ರೂ ಅಂದ್ರೆ ಇವತ್ತಿಗೂ ನಂಗೆ ಬಾಯಲ್ಲಿ ಉಪ್ಪು ಬಂದ ಹಾಗಾಗುತ್ತೆ" ಎಂದರು. "ಬರೀರಿ ಕಿಟಕಿಯಮ್ಮ. ಆದ್ರೆ ಪೂರ್ತಿ ಬರೀಬೇಕು. ಆ ಗೋಡೆಗೆ ಹಲಗೆ ಹಾಕಿದ್ದು ಯಾರು? ಎಡಗೈ ಲೆಕ್ಕದಲ್ಲಿ ನಕಲು ಮಾಡಿದ್ದು ಯಾರು? ನಿಮ್ಮ ಅರ್ಧ ಬರೆದು ನನ್ನ ಅರ್ಧ ನುಂಗಿದ್ರೆ ನಾನೇ ಸಂಪಾದಕರಿಗೆ ಕಾಗದ ಹಾಕ್ತೀನಿ."

"ಚೀಟಿ ಕಳಿಸದೆ ಇದ್ದದ್ದು?"

"ಅದು ನಿಮ್ದು. ಅದನ್ನ ನಾನು ಹಂಚ್ಕೊಳ್ಳೋಕಾಗಲ್ಲ" ಎಂದರು. ಇಷ್ಟು ನ್ಯಾಯವಾಗಿ ಯಾರೂ ನನ್ನೊಡನೆ ಮಾತಾಡಿರಲಿಲ್ಲ.

ಆದ್ದರಿಂದ ಬರೆದಿದ್ದೇನೆ, ಇಲ್ಲಿಯೂ ಹಡಗಿನ ಚರಿತ್ರೆಯಲ್ಲಿಯೂ. ಓದಿದವರು ಅವರ ಗೌರವ ಕಡಿಮೆಯಾಯಿತೆಂದು ತಿಳಿಯುವುದಾದರೆ ನಾನು ಬರೆದ ರೀತಿ ಸರಿಯಿಲ್ಲವೆಂದೇ ಅರ್ಥ. ಎಲ್ಲವನ್ನೂ ಮೊದಲೇ ಯೋಚಿಸಿ ಮಾಡುವುದು ದೊಡ್ಡದೇ. ಎಲ್ಲವೂ ಕೈತಪ್ಪಿದ ಮೇಲೆ, ಒಂದು ನಿಮಿಷ ಚಕ್ರಕ್ಕೆ ಒರಗಿ ನಿಂತು, ಯಾರ ತಪ್ಪೆಂದು ಕೇಳದೆ ಪೈಪಿನ ಲೆಕ್ಕ ಹಾಕತೊಡಗುವುದು ಅದಕ್ಕಿಂತ ದೊಡ್ಡದು.

ಹೊಸ ಹಡಗು ಬರುತ್ತಿದೆ. ಅದರ ಹಲಗೆ ಕಂಪ್ಯೂಟರಿನ ಪರದೆಯ ಮೇಲಿದೆ. ಅದನ್ನು ಸಿದ್ಧಪಡಿಸುವ ತರುಣರು ವಾರಕ್ಕೆರಡು ದಿನ ಮೇಷ್ಟ್ರ ಮನೆಗೆ ಹೋಗಿ ಕೂರುತ್ತಾರೆ. ಮೇಷ್ಟ್ರು ರಟ್ಟಿನ ತುಂಡುಗಳಿಂದಲೇ ಅವರ ಲೆಕ್ಕದಲ್ಲಿ ತಪ್ಪು ಹುಡುಕಿ ಕೊಡುತ್ತಾರೆ. ಅವರ ಕಣ್ಣು ಹೀಗೇ ಚುರುಕಾಗಿರಲಿ, ಮೊಣಕಾಲು ನೋವು ದೂರವಿರಲಿ, ಇನ್ನೂ ಬಹಳ ಕಾಲ ಅವರು ನಮ್ಮ ಲೆಕ್ಕಗಳಲ್ಲಿ ತಪ್ಪು ಹುಡುಕುತ್ತಿರಲಿ, ಅಮ್ಮಾವ್ರು ಅವರನ್ನು ಗದರುತ್ತಿರಲಿ ಎಂದು ನಾವೆಲ್ಲ ಮನಸಾರೆ ಬಯಸುತ್ತೇವೆ.

ಒಂದು ಕೋರಿಕೆ ಉಳಿದಿದೆ. ಈ ಸಂಪುಟ ಹೊರಬಂದ ಬಳಿಕ ಹಳೆಯ ಹಲಗೆಯನ್ನು ಪ್ರದರ್ಶನ ಕೋಣೆಗೆ ಸಾಗಿಸುತ್ತಾರಂತೆ. ಇಳಿಸುವವರು ಅದರ ಬಲತುದಿಯ ಹಿಂದೆ ಬೆಣೆಯಂತೆ ಸಿಕ್ಕಿಸಿರುವ ಕಾಗದವನ್ನು ಕಸವೆಂದು ಎಸೆಯಬಾರದು. ಅದು ನನ್ನ ಚೀಟಿ.

ಅಂದು ಹಡಗು ಆ ದ್ವೀಪದಿಂದ ಹಿಂದಿರುಗಿದ ಸಂಜೆ ಮೇಷ್ಟ್ರು ನೇರ ಕಚೇರಿಗೆ ಬಂದರು. ಬಡಗಿ ಹಲಗೆಯನ್ನು ಹಳೆಯ ಗೋಡೆಗೆ ಹಾಕುತ್ತಿದ್ದ. ನಾನು ಎದ್ದು ನಿಂತು, ಮೂರು ದಿನದಿಂದ ಕೈಯಲ್ಲೇ ಇದ್ದ ಚೀಟಿಯನ್ನು ಅವರಿಗೆ ಕೊಟ್ಟೆ. ಅವರು ಓದಿದರು. ಮೂಲೆಯಲ್ಲಿದ್ದ ಸಮಯವನ್ನು ನೋಡಿದರು. ನನ್ನ ಮುಖ ನೋಡಿದರು. ಅಷ್ಟರಲ್ಲಿ ಬಡಗಿ, "ಹೊಸ ಗಾರೆ ಸಮ ಇಲ್ಲ ಸಾರ್, ಹಲಗೆ ಅಲ್ಲಾಡ್ತಿದೆ" ಎಂದ. ಮೇಷ್ಟ್ರು ಚೀಟಿಯನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಿಸಿ, ಹಲಗೆಗೂ ಗೋಡೆಗೂ ನಡುವೆ ತುರುಕಿದರು. ಆಮೇಲೆ ಕೆಂಪು ಬಣ್ಣದ ಡಬ್ಬಿ ತರಿಸಿ ಎಡತುದಿಯಲ್ಲಿ ದೊಡ್ಡದಾಗಿ 'ಬಾಯಿ' ಎಂದು ಬರೆದರು.

"ಏನ್ ಸಾರ್, ಇಷ್ಟು ವರ್ಷ ಇಲ್ಲದ್ದು ಇವತ್ತು?" ಎಂದ ಬಡಗಿ.

"ಗೋಡೆ ಹೊಸದಾಯ್ತಲ್ಲ. ಹಲಗೆ ಮಂಕಾಗಿ ಕಾಣ್ತಿತ್ತು."

ಒಳಕೋಣೆಯಲ್ಲಿ ಫೋನು ಬಡಿದುಕೊಂಡಿತು. ವರದಿ ಕೇಳಲು ಮೇಲಿನ ಕಚೇರಿಯಿಂದ ಬಂದ ಕರೆ. ಕೈಯಲ್ಲಿ ಕುಂಚ ಹಿಡಿದೇ ಅವರು ಮಾತಾಡಿದರು. "ಹೌದು ಸಾರ್. ಆರೂ ಲಾರಿ ಖಾಲಿ... ನಲವತ್ತು ನಿಮಿಷ ತಡ ಆಯ್ತು, ಅಲೆ ಜೋರಿತ್ತು... ಇಲ್ಲ ಸಾರ್, ಬೇರೇನೂ ಇಲ್ಲ." ಫೋನಿಟ್ಟು ಬಂದು, ಒದ್ದೆ ಅಕ್ಷರಕ್ಕೆ ತಗಲದ ಹಾಗೆ ಹಲಗೆಯನ್ನು ಒಂದು ಬೆರಳಿನಿಂದ ಒತ್ತಿ ನೋಡಿದರು. ಅದು ಅಲುಗಲಿಲ್ಲ. ಅವರು ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿಬಿಟ್ಟಿದ್ದರು.